ಬ್ಯಾಟರಿಗೆ ವಿದ್ಯುತ್ ತುಂಬುವಾಗ

ಚಾಮರಾಜನಗರ, ಗುಂಡ್ಲುಪೇಟೆಗಳ ಹಳ್ಳಿಗಳಲ್ಲಿ ‘ಬ್ಯಾಟ್ರಿ’ ಎಂದರೆ ಕೈಯಲ್ಲಿ ಹಿಡಿಯುವ ಟಾರ್ಚು. ಅದರೊಳಗೆ ಹಾಕುವುದು ‘ಶೆಲ್ಲು’. ಈ ಎರಡು ಮಾತುಗಳು ಹೆಂಗಸರು ಮಕ್ಕಳಾದಿಯಾಗಿ ಎಲ್ಲರ ಬಾಯಲ್ಲೂ ನೆಲೆಸಿರುವುದಕ್ಕೆ ಕಾರಣವುಂಟು. ಈ ಜಿಲ್ಲೆಯ ದೊಡ್ಡ ಭಾಗ ಕಾಡು. ಒಂದು ಕಡೆ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರ. ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ಅದರಾಚೆ ಮಲೆ ಮಹದೇಶ್ವರನ ಬೆಟ್ಟಸಾಲು. ಕಾಡಂಚಿನ ಹೊಲದಲ್ಲಿ ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ, ಬಾಳೆ ಗೊನೆ ಬಿಡುವ ಹೊತ್ತಿಗೆ, ಆನೆಯೂ ಬರುತ್ತದೆ, ಹಂದಿಯೂ ಬರುತ್ತದೆ. ಅಟ್ಟಣೆಯ ಮೇಲೆ ಕುಳಿತು ರಾತ್ರಿಯೆಲ್ಲ ಕಾಯುವವನಿಗೆ ಬೆಳಕೇ ಆಯುಧ, ಬೆಳಕೇ ಧೈರ್ಯ.

ಈ ಬೆಳಕಿನ ರೀತಿ ಈಚಿನ ವರ್ಷಗಳಲ್ಲಿ ಬದಲಾಗಿದೆ. ಶೆಲ್ಲು ಮುಗಿದರೆ ಎಸೆದು ಹೊಸದು ಕೊಳ್ಳುವ ಕಾಲ ಹಿಂದಾಯಿತು. ಚಾರ್ಜು ಹಾಕಿ ಮತ್ತೆ ಮತ್ತೆ ಬಳಸುವ ಸೆಲ್ಲುಗಳು ಬಂದಿವೆ. ಕೈಚಳಕವುಳ್ಳ ಹುಡುಗರು ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಬಿಚ್ಚಿ, ಅದರೊಳಗಿನ ಸೆಲ್ಲುಗಳನ್ನು ತೆಗೆದು, ತಲೆಗೆ ಕಟ್ಟುವ ದೀಪ ಮಾಡುತ್ತಾರೆ. ಹಾಡು ಕೇಳುವ ಸ್ಪೀಕರ್ ಮಾಡುತ್ತಾರೆ. ಕರೆಂಟು ಹೋದಾಗ ಉರಿಯುವ ಲೈಟು ಮಾಡುತ್ತಾರೆ. ಶಾಲಾ ಕಾಲೇಜುಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿಯೂ ಇಂತಹ ಕೆಲಸಗಳನ್ನು ಕಾಣಬಹುದು. ಇದು ಸಂತೋಷದ ಸಂಗತಿ. ನಮ್ಮ ಬಾನುಲಿಯೇ ಮನೆಯೊಂದರಲ್ಲಿ ಹುಟ್ಟಿದ್ದು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪ್ರಸಾರ ಯಂತ್ರವನ್ನು ಹೂಡಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದುದೂ ಅಲ್ಲಿಂದಲೇ. ಮನೆಯಲ್ಲಿ ಯಂತ್ರ ಮಾಡುವವರನ್ನು ಕಂಡರೆ ಬಾನುಲಿಯವರಿಗೆ ಅಕ್ಕರೆಯಿರುವುದು ಸಹಜ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಿದ್ಯುತ್ತು ಬಾರದ ಊರುಗಳಲ್ಲಿ ಹಿಂದೆ ರೇಡಿಯೋ ನಡೆಯುತ್ತಿದ್ದುದು ಬ್ಯಾಟರಿಯಿಂದ. ಬ್ಯಾಟರಿ ಇಳಿದಾಗ ಅದನ್ನು ಪೇಟೆಯ ಅಂಗಡಿಗೆ ಹೊತ್ತು ಚಾರ್ಜು ಹಾಕಿಸಿ ತರಬೇಕಾಗಿತ್ತು. ಅಂಗಡಿಯವನಿಗೆ ಆ ಕೆಲಸದ ಹದ ಗೊತ್ತಿರುತ್ತಿತ್ತು. ಎಷ್ಟು ಹೊತ್ತು ಬಿಡಬೇಕು, ಎಂದು ನಿಲ್ಲಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದ. ಈಗ ಪ್ರತಿ ಮನೆಯೂ ಚಾರ್ಜಿನ ಅಂಗಡಿಯೇ. ಯಂತ್ರ ಬಂತು, ಅದನ್ನು ಕಾಯುವವನು ಇಲ್ಲದಾದ. ಆದ್ದರಿಂದ ಆ ಹದವನ್ನು ಮನೆಯವರೇ ತಿಳಿದುಕೊಳ್ಳಬೇಕಾಗಿದೆ. ಈ ವಿದ್ಯೆಯನ್ನೆಲ್ಲ ಒಂದೇ ಮಾತಿನಲ್ಲಿ ಹೇಳುವುದಾದರೆ ಹೀಗೆ ಹೇಳಬಹುದು: ಬ್ಯಾಟರಿಗೆ ವಿದ್ಯುತ್ತು ತುಂಬುವುದು ಸುಲಭ, ಸರಿಯಾದ ಹೊತ್ತಿಗೆ ನಿಲ್ಲಿಸುವುದೇ ಕಷ್ಟ.

ನಮಗೆಲ್ಲ ಪರಿಚಯವಿರುವ ಕೆರೆಯ ಹೋಲಿಕೆಯನ್ನು ತೆಗೆದುಕೊಳ್ಳೋಣ. ಕೆರೆಗೆ ನೀರು ಬರುವ ಕಾಲುವೆಯುಂಟು, ನೀರು ಬಿಡುವ ತೂಬುಂಟು. ಇವೆರಡರ ಜೊತೆಗೆ ಕೋಡಿಯೂ ಉಂಟು. ಕೆರೆ ತುಂಬಿದ ಮೇಲೆ ಬರುವ ನೀರು ಕೋಡಿ ಬಿದ್ದು ಹರಿದುಹೋಗುತ್ತದೆ, ಏರಿ ಉಳಿಯುತ್ತದೆ. ಕೋಡಿಯಿಲ್ಲದ ಕೆರೆಯಾದರೆ ಹೆಚ್ಚಾದ ನೀರು ಏರಿಯನ್ನೇ ಒಡೆಯುತ್ತದೆ. ಬ್ಯಾಟರಿಗಳಲ್ಲಿಯೂ ಕೋಡಿಯಿರುವ ಜಾತಿ, ಇಲ್ಲದ ಜಾತಿ ಎಂದು ಉಂಟು. ಯಾವುದು ಯಾವ ಜಾತಿ ಎಂದು ತಿಳಿಯದೆ ಚಾರ್ಜು ಹಾಕುವುದೇ ಹಲವು ಅನಾಹುತಗಳಿಗೆ ಮೂಲ.

ಮೊದಲನೆಯದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ಇದನ್ನು ಕಂಡುಹಿಡಿದ. ಕಾರು, ಟ್ರ್ಯಾಕ್ಟರು, ಮನೆಯ ಯು.ಪಿ.ಎಸ್., ಹೊಲದ ಸೌರ ಬೇಲಿಯ ಪೆಟ್ಟಿಗೆ, ಇಲ್ಲೆಲ್ಲ ಇರುವುದು ಸಾಮಾನ್ಯವಾಗಿ ಇದೇ. ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ಸುಮಾರು 14.4 ವೋಲ್ಟಿನವರೆಗೆ ತುಂಬಿ, ಆಮೇಲೆ 13.6ರ ಸುಮಾರಿನಲ್ಲಿ ಇಟ್ಟರೆ ಅದು ಕ್ಷೇಮವಾಗಿರುತ್ತದೆ. ಏಳು ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಗೆ ಮುಕ್ಕಾಲು ಆಂಪಿಯರಿನಷ್ಟು ಪ್ರವಾಹ ಹದವಾದದ್ದು. ಇದಕ್ಕೆ ಒಂದು ಬಗೆಯ ಕೋಡಿಯುಂಟು. ತುಂಬಿದ ಮೇಲೂ ವಿದ್ಯುತ್ತು ಹರಿದರೆ ಒಳಗಿನ ನೀರು ಒಡೆದು ಜಲಜನಕ ಮತ್ತು ಆಮ್ಲಜನಕ ಅನಿಲಗಳಾಗಿ ಹೊರಬೀಳುತ್ತದೆ. ಬ್ಯಾಟರಿ ಕೂಡಲೇ ಸಿಡಿಯುವುದಿಲ್ಲ. ಆದರೆ ಕೋಣೆಯ ಗಾಳಿಯಲ್ಲಿ ಜಲಜನಕ ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಆದ್ದರಿಂದ ಗಾಳಿಯಾಡುವ ಕಡೆ ಚಾರ್ಜು ಹಾಕಬೇಕು. ಹತ್ತಿರ ಬೀಡಿ ಸೇದಬಾರದು. ಕ್ಲಿಪ್ಪು ಹಾಕುವಾಗಲೂ ತೆಗೆಯುವಾಗಲೂ ಮೊದಲು ಚಾರ್ಜರಿನ ಸ್ವಿಚ್ಚನ್ನು ಆರಿಸಬೇಕು. ಇಲ್ಲದಿದ್ದರೆ ಕಿಡಿ ಹಾರುವುದು ಅಲ್ಲಿಯೇ.

ಎರಡನೆಯದು ನಿಕ್ಕಲ್ ಜಾತಿಯ ಸೆಲ್ಲು. ನೋಡಲು ಸಾಮಾನ್ಯ ಪೆನ್ ಶೆಲ್ಲಿನಂತೆಯೇ ಇರುತ್ತದೆ, ಮೇಲೆ 1.2 ವೋಲ್ಟು ಎಂದು ಬರೆದಿರುತ್ತದೆ. ಇದಕ್ಕೆ ನಿಧಾನವೇ ಲೇಸು. ಪೂರ್ತಿ ಇಳಿದಿರುವ 2000 ಮಿಲಿ ಆಂಪಿಯರ್-ಗಂಟೆಯ ಸೆಲ್ಲಿಗೆ 200 ಮಿಲಿ ಆಂಪಿಯರಿನಂತೆ ಹದಿನಾಲ್ಕರಿಂದ ಹದಿನಾರು ಗಂಟೆ ಕೊಟ್ಟು ನಿಲ್ಲಿಸಿದರೆ ತೊಂದರೆಯಿಲ್ಲ. ಸ್ವಲ್ಪ ಹೆಚ್ಚಾದರೆ ಬಿಸಿಯಾಗಿ ಸಹಿಸಿಕೊಳ್ಳುತ್ತದೆ. ಅಂದರೆ ಇದಕ್ಕೂ ಚಿಕ್ಕದೊಂದು ಕೋಡಿಯುಂಟು. ಆದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ 1.5 ವೋಲ್ಟಿನ ಶೆಲ್ಲು ಈ ಜಾತಿಯದಲ್ಲ. ಅದನ್ನು ಬಿಸಿಲಿಗಿಟ್ಟೋ ಚಾರ್ಜರಿಗೆ ಸಿಕ್ಕಿಸಿಯೋ ಜೀವ ಬರಿಸಲು ಹೊರಡುವವರು ಇದ್ದಾರೆ. ಅದು ಸೋರುತ್ತದೆ, ಕೆಲವು ಸಲ ಒಡೆಯುತ್ತದೆ. ಸತ್ತ ಶೆಲ್ಲನ್ನು ಸತ್ತದ್ದೆಂದೇ ಬಿಡುವುದು ಒಳ್ಳೆಯದು.

ಮೂರನೆಯದು ಲಿಥಿಯಂ. ಇಂದಿನ ಮಾತು ಮುಖ್ಯವಾಗಿ ಇದನ್ನು ಕುರಿತದ್ದು. ಜಪಾನಿನ ಸೋನಿ ಕಂಪೆನಿ 1991ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಲ್ಯಾಪ್‌ಟಾಪಿನಿಂದ ತೆಗೆಯುವ ದುಂಡನೆಯ ಸೆಲ್ಲನ್ನು ‘18650’ ಎನ್ನುತ್ತಾರೆ. ಅಡ್ಡಳತೆ 18 ಮಿಲಿಮೀಟರು, ಉದ್ದ 65 ಮಿಲಿಮೀಟರು ಎಂಬುದೇ ಆ ಹೆಸರಿನ ಗುಟ್ಟು. ಸುಮಾರು ಹೆಬ್ಬೆರಳಿನಷ್ಟು ದಪ್ಪವಿರುವ ಈ ಸೆಲ್ಲಿನ ಶಕ್ತಿ ದೊಡ್ಡದು, ತೂಕ ಕಡಿಮೆ. ಆದರೆ ಇದಕ್ಕೆ ಕೋಡಿಯೇ ಇಲ್ಲ. 4.2 ವೋಲ್ಟು ಮುಟ್ಟಿತೆಂದರೆ ಕೆರೆ ತುಂಬಿತು. ಆಮೇಲೆ ನುಗ್ಗಿಸಿದ ವಿದ್ಯುತ್ತು ಎಲ್ಲಿಯೂ ಹರಿದುಹೋಗದೆ ಒಳಗಿನ ರಾಸಾಯನಿಕ ವಸ್ತುಗಳನ್ನೇ ಕೆಡಿಸುತ್ತದೆ. ಬಿಸಿಯೇರಿದಷ್ಟೂ ಒಳಗಿನ ಕ್ರಿಯೆ ಚುರುಕಾಗುತ್ತದೆ. ಕ್ರಿಯೆ ಚುರುಕಾದಷ್ಟೂ ಬಿಸಿಯೇರುತ್ತದೆ. ಒಂದು ಹಂತ ದಾಟಿದ ಮೇಲೆ ಚಾರ್ಜರನ್ನು ಕಿತ್ತರೂ ಅದು ನಿಲ್ಲದು. ಹೊಗೆ, ಆಮೇಲೆ ಬೆಂಕಿ. ಪಕ್ಕದ ಸೆಲ್ಲಿಗೂ ಅದೇ ಗತಿ.

ಲಿಥಿಯಂ ಸೆಲ್ಲಿಗೆ ವಿದ್ಯುತ್ತು ತುಂಬುವ ಕ್ರಮದಲ್ಲಿ ಎರಡು ಹಂತಗಳುಂಟು. ಮೊದಲು ಒಂದೇ ಸಮನಾದ ಪ್ರವಾಹ. ಸೆಲ್ಲಿನ ಅಳತೆಯ ಅರ್ಧದಷ್ಟಿದ್ದರೆ ಸಾಕು. 2500 ಮಿಲಿ ಆಂಪಿಯರ್-ಗಂಟೆಯ ಸೆಲ್ಲಿಗೆ ಸುಮಾರು ಒಂದೂಕಾಲು ಆಂಪಿಯರು. ವೋಲ್ಟು 4.2 ಮುಟ್ಟಿದ ಮೇಲೆ ಎರಡನೆಯ ಹಂತ. ಆಗ ವೋಲ್ಟನ್ನು ಅಲ್ಲಿಯೇ ಹಿಡಿದಿಡಬೇಕು. ಪ್ರವಾಹ ತಾನಾಗಿ ಕುಗ್ಗುತ್ತ ಬಂದು, ಮೊದಲಿನ ಹತ್ತರಲ್ಲಿ ಒಂದು ಪಾಲಾದಾಗ ಪೂರ್ತಿ ನಿಲ್ಲಿಸಬೇಕು. ಇದನ್ನು ಕೈಯಿಂದ ಮಾಡಲಾಗದು. ಅದಕ್ಕೆಂದೇ ಮಾಡಿದ ಸಣ್ಣ ಹಲಗೆಗಳು ಅಂಗಡಿಯಲ್ಲಿ ಸಿಗುತ್ತವೆ. ‘ಟಿ.ಪಿ. 4056’ ಎಂಬ ಚಿಪ್ಪಿನ ಹಲಗೆ ಹುಡುಗರಿಗೆಲ್ಲ ಗೊತ್ತು. ಬೆಲೆಯೂ ಅಲ್ಪ, ಕೆಲಸವೂ ಸಾಚಾ. ಆದರೆ ಅದರ ವಿಷಯದಲ್ಲಿ ನಾಲ್ಕು ಮಾತು ನೆನಪಿರಲಿ.

ಒಂದು, ಅದು ಒಂದು ಸೆಲ್ಲಿನ ವೋಲ್ಟಿಗೆ ಮಾತ್ರ. ಸಾಲಾಗಿ ಜೋಡಿಸಿದ ಎರಡು ಮೂರು ಸೆಲ್ಲಿಗೆ ಅದನ್ನು ಹಾಕಬಾರದು. ಎರಡು, ಅದು ಕೊಡುವುದು ಒಂದು ಆಂಪಿಯರು. ಹಳೆಯ ಆಟಿಕೆಯಿಂದ ತೆಗೆದ 500 ಮಿಲಿ ಆಂಪಿಯರ್-ಗಂಟೆಯ ಚಿಕ್ಕ ಸೆಲ್ಲಿಗೆ ಅದು ಅತಿಯಾಯಿತು. ಹಲಗೆಯ ಮೇಲಿನ 1.2 ಕಿಲೋ ಓಮಿನ ರೆಸಿಸ್ಟರನ್ನು ತೆಗೆದು 5 ಕಿಲೋ ಓಮಿನದನ್ನು ಬೆಸೆದರೆ ಪ್ರವಾಹ 250 ಮಿಲಿ ಆಂಪಿಯರಿನ ಹತ್ತಿರಕ್ಕೆ ಇಳಿಯುತ್ತದೆ. ಮೂರು, ಈ ಹಲಗೆಯಲ್ಲಿ ಎರಡು ಬಗೆ. ರಕ್ಷಣೆಯ ಚಿಪ್ಪು ಇರುವುದು ಮತ್ತು ಇಲ್ಲದ್ದು. ಬೆಲೆ ಸ್ವಲ್ಪ ಹೆಚ್ಚಾದರೂ ಇರುವುದನ್ನೇ ಕೊಳ್ಳಿ. ಸೆಲ್ಲು ತೀರ ಇಳಿಯದಂತೆಯೂ ಷಾರ್ಟ್ ಆಗದಂತೆಯೂ ಅದು ಕಾಯುತ್ತದೆ. ನಾಲ್ಕು, ಚಾರ್ಜಾಗುತ್ತಿರುವಾಗ ದೀಪವನ್ನೋ ಸ್ಪೀಕರನ್ನೋ ಅದೇ ಸೆಲ್ಲಿನಿಂದ ನಡೆಸಬೇಡಿ. ಪ್ರವಾಹ ಕುಗ್ಗಿತೇ ಇಲ್ಲವೇ ಎಂಬುದನ್ನು ನೋಡಿಯೇ ಹಲಗೆ ನಿಲ್ಲಿಸುವುದು. ದೀಪವೂ ಪ್ರವಾಹವನ್ನು ಎಳೆಯುತ್ತಿದ್ದರೆ, ಸೆಲ್ಲು ತುಂಬಿದ್ದರೂ ಅದಕ್ಕೆ ತಿಳಿಯುವುದಿಲ್ಲ, ತುಂಬುತ್ತಲೇ ಇರುತ್ತದೆ.

ಇನ್ನು ಹಳೆಯ ಸೆಲ್ಲುಗಳ ಮಾತು. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡಿಯೇ ಕೊಳ್ಳುತ್ತಾನೆ. ಸೆಲ್ಲಿಗೂ ಅಂತಹ ಪರೀಕ್ಷೆಯುಂಟು. ಉಬ್ಬಿದ್ದು, ನೆಗ್ಗಿದ್ದು, ತುಕ್ಕು ಹಿಡಿದದ್ದು, ಸಿಹಿ ಸಿಹಿಯಾದ ವಾಸನೆ ಬರುವುದು, ಇವನ್ನು ಮನೆಯೊಳಗೆ ತರುವುದೇ ಬೇಡ. ಮಲ್ಟಿಮೀಟರಿನಲ್ಲಿ ಅಳೆದಾಗ 2 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದನ್ನೂ ಬಿಡಿ. ಅಷ್ಟು ಇಳಿದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಿರಬಹುದು. ಮತ್ತೆ ತುಂಬುವಾಗ ಆ ತಾಮ್ರ ಒಳಗೇ ಸೇತುವೆ ಕಟ್ಟಿ ಷಾರ್ಟ್ ಮಾಡಬಹುದು. ಉಳಿದವನ್ನು ಪೂರ್ತಿ ತುಂಬಿ ಒಂದೆರಡು ವಾರ ಬಿಡಿ, 4.1 ವೋಲ್ಟಿಗಿಂತ ಕೆಳಗಿಳಿದ ಸೆಲ್ಲು ಸೋರುವ ಕೊಡವಿದ್ದಂತೆ. ತುಂಬುವಾಗ ಮುಟ್ಟಿದರೆ ಬಿಸಿ ಎನಿಸುವ ಸೆಲ್ಲೂ ಕೆಲಸಕ್ಕೆ ಬಾರದು. ಸೆಲ್ಲಿಗೆ ನೇರವಾಗಿ ಸಾಲ್ಡರಿಂಗ್ ಕಡ್ಡಿಯನ್ನು ಒತ್ತಿ ಬೆಸೆಯಬೇಡಿ. ಆ ಕಾವು ಒಳಗಿನ ತೆಳು ಪೊರೆಯನ್ನು ಕೆಡಿಸುತ್ತದೆ. ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಿಸಿ, ಇಲ್ಲವೆ ಸೆಲ್ಲು ಕೂರಿಸುವ ಪ್ಲಾಸ್ಟಿಕ್ ಗೂಡನ್ನು ಬಳಸಿ.

ಒಂದು ಸೆಲ್ಲಿನಿಂದ ಮೂರು ಸೆಲ್ಲಿನ ಸಾಲಿಗೆ ಹೋದಾಗ ಅಪಾಯವೂ ಮೂರು ಪಟ್ಟಾಗುತ್ತದೆ. ಮೂರು ಸೆಲ್ಲಿನ ಸಾಲು ತುಂಬಿದಾಗ 12.6 ವೋಲ್ಟು. ಮೂರೂ ಸಮವಾಗಿದ್ದರೆ ಒಂದೊಂದಕ್ಕೆ 4.2. ಆದರೆ ಹಳೆಯ ಸೆಲ್ಲುಗಳು ಸಮವಾಗಿರುವುದಿಲ್ಲ. ಎರಡು 4.1ರಲ್ಲಿದ್ದು ಮೂರನೆಯದು 4.4ಕ್ಕೆ ಏರಿದ್ದರೂ ಕೂಡಿದರೆ 12.6 ವೋಲ್ಟೇ. ಹೊರಗಿನಿಂದ ನೋಡುವ ಚಾರ್ಜರಿಗೆ ಎಲ್ಲ ಸರಿಯಾಗಿದೆ; ಒಳಗೆ ಒಂದು ಕೆರೆಯ ಏರಿ ಬಿರಿಯುತ್ತಿದೆ. ಇದಕ್ಕಾಗಿಯೇ ಪ್ರತಿ ಸೆಲ್ಲಿನ ವೋಲ್ಟನ್ನೂ ಬೇರೆ ಬೇರೆ ನೋಡುವ ‘ಬಿ.ಎಂ.ಎಸ್.’ ಎಂಬ ಹಲಗೆ ಬೇಕು. ಸಮತೂಗಿಸುವ ಶಕ್ತಿಯುಳ್ಳದ್ದನ್ನೇ ತೆಗೆದುಕೊಳ್ಳಿ. ಆದರೂ ಬಿ.ಎಂ.ಎಸ್. ಚಾರ್ಜರಲ್ಲ, ಅದು ಕೊನೆಯ ಕಾವಲುಗಾರ. ಚಾರ್ಜರು ಬೇರೆ, 12.6 ವೋಲ್ಟಿಗೆ ತಾನೇ ನಿಲ್ಲುವಂತಹುದು, ಇರಲೇಬೇಕು. ‘ಇದೂ ಹನ್ನೆರಡು ವೋಲ್ಟು, ಅದೂ ಹನ್ನೆರಡು ವೋಲ್ಟು’ ಎಂದು ಸೀಸದ ಬ್ಯಾಟರಿಯ ಚಾರ್ಜರನ್ನು ಈ ಸಾಲಿಗೆ ಸಿಕ್ಕಿಸಿದರೆ 14.4 ವೋಲ್ಟು ಬಂದು, ಒಂದೊಂದು ಸೆಲ್ಲಿನ ಮೇಲೆ 4.8 ವೋಲ್ಟು ಬೀಳುತ್ತದೆ. ಮನೆಗೆ ಬೆಂಕಿ ಹಚ್ಚಲು ಇದಕ್ಕಿಂತ ಸುಲಭದ ದಾರಿ ಬೇರೆ ಬೇಕಿಲ್ಲ.

ಸೌರ ದೀಪಗಳಲ್ಲಿ ಈಚೆಗೆ ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ಇನ್ನೊಂದು ಬಗೆ ಬರುತ್ತಿದೆ. ಇದು ಸ್ವಭಾವದಲ್ಲಿ ಶಾಂತ, ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಇದರ ಎಲ್ಲೆ 3.65 ವೋಲ್ಟು, 4.2ರ ಚಾರ್ಜರು ಇದಕ್ಕೆ ಸಲ್ಲದು. ಹೊಸದಾಗಿ ದೀಪ ಮಾಡುವವರು ಹಳೆಯ ಲ್ಯಾಪ್‌ಟಾಪ್ ಸೆಲ್ಲಿಗಿಂತ ಇದನ್ನು ಆರಿಸಿಕೊಳ್ಳುವುದು ಮೇಲು. ಸೌರ ಹಲಗೆಯನ್ನು ಮಾತ್ರ ಯಾವ ಬ್ಯಾಟರಿಗೂ ನೇರವಾಗಿ ಕಟ್ಟಬಾರದು. ‘12 ವೋಲ್ಟು’ ಎಂದು ಬರೆದಿರುವ ಹಲಗೆ ಒಳ್ಳೆಯ ಬಿಸಿಲಿನಲ್ಲಿ, ಭಾರವಿಲ್ಲದಿರುವಾಗ, 21 ವೋಲ್ಟಿನವರೆಗೆ ಕೊಡುತ್ತದೆ. ನಡುವೆ ನಿಯಂತ್ರಕ ಇರಬೇಕು; ಅದೂ ಆಯಾ ಜಾತಿಯ ಬ್ಯಾಟರಿಗೆ ತಕ್ಕದ್ದಾಗಿರಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಒಂದು ವಿಷಯ. ಅಗ್ಗದ ಟಾರ್ಚುಗಳ ಹಿಂದೆ ಎರಡು ಪಿನ್ನು ಇದ್ದು, ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವಂತೆ ಇರುವುದನ್ನು ನೋಡಿದ್ದೀರಿ. ಅವುಗಳಲ್ಲಿ ಹಲವಕ್ಕೆ ಟ್ರಾನ್ಸ್‌ಫಾರ್ಮರು ಇರುವುದಿಲ್ಲ. ಒಂದು ಕೆಪಾಸಿಟರು, ನಾಲ್ಕು ಡಯೋಡು, ಅಷ್ಟೇ. ಮೀಟರಿನಲ್ಲಿ ಅಳೆದರೆ ಕೆಲವೇ ವೋಲ್ಟು ತೋರುತ್ತದೆ. ಆದರೆ ಭೂಮಿಯ ಮೇಲೆ ನಿಂತು ಆ ತಂತಿಯನ್ನು ಮುಟ್ಟಿದವನಿಗೆ 230 ವೋಲ್ಟಿನ ಪೆಟ್ಟೇ ಬೀಳಬಹುದು. ಇಂತಹ ಟಾರ್ಚನ್ನು ಬಿಚ್ಚಿ, ಅದರ ಚಾರ್ಜಿನ ಭಾಗವನ್ನು ತಮ್ಮ ಯಂತ್ರಕ್ಕೆ ಜೋಡಿಸುವ ಹುಡುಗರುಂಟು. ಅದು ಸಾವಿನೊಡನೆ ಆಟ. ಅದರಲ್ಲಿಯೂ ಬೇಲಿಯ ಬ್ಯಾಟರಿಗೆ ಇಂತಹುದನ್ನು ಸಿಕ್ಕಿಸಿದರೆ ಏನಾಗುತ್ತದೆಂದು ಯೋಚಿಸಿ. ಸೌರ ಬೇಲಿಯ ಯಂತ್ರ ಬ್ಯಾಟರಿಯಿಂದ ಶಕ್ತಿ ಪಡೆದು, ಸೆಕೆಂಡಿಗೊಂದರಂತೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನ ಪೆಟ್ಟನ್ನು ಕೊಡುತ್ತದೆ. ಆನೆ ಬೆದರುತ್ತದೆ, ಸಾಯುವುದಿಲ್ಲ. ಮನೆಯ ಕರೆಂಟು ಆ ತಂತಿಯನ್ನು ಮುಟ್ಟಿದರೆ ಆನೆಯೂ ಸಾಯುತ್ತದೆ, ಮುಂಜಾನೆ ಹೊಲಕ್ಕೆ ಬರುವ ಮನುಷ್ಯನೂ ಸಾಯುತ್ತಾನೆ. ಬೇಲಿಗೆ ನೇರವಾಗಿ ಕರೆಂಟು ಬಿಡುವುದು ದೊಡ್ಡ ಅಪರಾಧವೆಂಬುದು ಎಲ್ಲರಿಗೂ ಗೊತ್ತು. ತಿಳಿಯದೆ, ಕೆಟ್ಟ ಚಾರ್ಜರಿನ ಮೂಲಕ ಬಿಟ್ಟರೂ ಹೋದ ಜೀವ ಬರುವುದಿಲ್ಲ. ಆದ್ದರಿಂದ ಬೇಲಿಯ ಬ್ಯಾಟರಿಯನ್ನು ಮನೆಯ ಕರೆಂಟಿನಿಂದ ತುಂಬುವುದಾದರೆ ಮೊದಲು ಅದನ್ನು ಬೇಲಿಯ ಯಂತ್ರದಿಂದ ಬಿಡಿಸಿ, ಮನೆಗೆ ತಂದು, ಒಳ್ಳೆಯ ಚಾರ್ಜರಿನಿಂದ ತುಂಬಿಸಿ, ಆಮೇಲೆ ಹೊಲಕ್ಕೆ ಒಯ್ಯಿರಿ.

ಮನೆಯಲ್ಲಿ ಯಂತ್ರ ಮಾಡುವ ತರುಣರಿಗೆ ಒಂದು ಗೆರೆ ಹಾಕಿಕೊಡಬಹುದು. 230 ವೋಲ್ಟಿನ ಕೆಲಸ ಕಾರ್ಖಾನೆಗಿರಲಿ. 5 ವೋಲ್ಟಿನ ಈಚಿನ ಕೆಲಸ ನಿಮಗಿರಲಿ. ಭಾರತೀಯ ಮಾನಕ ಬ್ಯೂರೋದ ಗುರುತುಳ್ಳ ಮೊಬೈಲ್ ಚಾರ್ಜರನ್ನು ಕೊಂಡು, ಅದರಿಂದ ಹೊರಬರುವ 5 ವೋಲ್ಟನ್ನು ಮಾತ್ರ ಬಳಸಿ. ಹೊಸ ಲಿಥಿಯಂ ಸೆಲ್ಲು ಕೊಳ್ಳುವಾಗಲೂ ಐ.ಎಸ್. 16046 ಎಂಬ ಗುರುತನ್ನು ನೋಡಿ. ಬ್ಯಾಟರಿಯ ಪ್ಲಸ್ಸಿನ ಪಕ್ಕದಲ್ಲಿಯೇ ಒಂದು ಫ್ಯೂಸನ್ನು ಹಾಕಿ. ತಂತಿ ಉಜ್ಜಿ ಷಾರ್ಟ್ ಆದಾಗ ಸೆಲ್ಲು ಹತ್ತಾರು ಆಂಪಿಯರನ್ನು ಸುರಿಸುತ್ತದೆ. ಫ್ಯೂಸು ಹೋದರೆ ಹೋಗಲಿ, ಮನೆ ಉಳಿಯುತ್ತದೆ.

ಚಾರ್ಜು ಹಾಕುವ ಜಾಗವೂ ಮುಖ್ಯ. ಹಾಸಿಗೆ, ಹುಲ್ಲಿನ ಮೆದೆ, ಅಟ್ಟಣೆಯ ತೆಂಗಿನ ಗರಿ, ಬಟ್ಟೆಯ ಗಂಟು ಇವುಗಳ ಹತ್ತಿರ ಬೇಡ. ಕಲ್ಲು ಚಪ್ಪಡಿಯ ಮೇಲೆ, ಇಲ್ಲವೆ ಮಣ್ಣಿನ ಬೋಗುಣಿಯಲ್ಲಿ ಇಟ್ಟರೆ ಕ್ಷೇಮ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿನ ಸೆಖೆ ನಮಗೆ ಗೊತ್ತೇ ಇದೆ. 45 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಲ್ಲಿಗೆ ಚಾರ್ಜು ಹಾಕಬಾರದು. ಬಿಸಿಲಿನಲ್ಲಿದ್ದುದನ್ನು ನೆರಳಿನಲ್ಲಿ ತಣಿಸಿ ಆಮೇಲೆ ಹಾಕಿ. ಮನೆಯವರೆಲ್ಲ ಮಲಗಿರುವಾಗ, ಇಲ್ಲವೆ ಬೀಗ ಹಾಕಿ ಹೊರಗೆ ಹೋಗುವಾಗ, ಸ್ವಂತ ಕೈಯಿಂದ ಮಾಡಿದ ಬ್ಯಾಟರಿಯನ್ನು ಚಾರ್ಜಿಗೆ ಬಿಟ್ಟು ಹೋಗಬಾರದು. ಸಂಜೆಯ ಅಡುಗೆ ಊಟದ ಹೊತ್ತೇ ಇದಕ್ಕೆ ಸರಿಯಾದ ಹೊತ್ತು; ಒಲೆಯ ಮೇಲಿನ ಹಾಲಿನಂತೆ ಅದರ ಮೇಲೂ ಒಂದು ಕಣ್ಣಿರುತ್ತದೆ.

ಇಷ್ಟಾದರೂ ಬುಸುಗುಟ್ಟುವ ಸದ್ದೋ ಹೊಗೆಯೋ ಕಂಡರೆ ಮೊದಲು ಮಕ್ಕಳನ್ನು ಹೊರಗೆ ಕಳುಹಿಸಿ. ಮೇನ್ ಸ್ವಿಚ್ಚನ್ನು ಆರಿಸಿ. ಆ ಹೊಗೆ ವಿಷ, ಅದನ್ನು ಉಸಿರಾಡಬಾರದು. ಕೈಯಿಂದ ಎತ್ತಿ ಎಸೆಯುವ ಸಾಹಸವೂ ಬೇಡ. ಕರೆಂಟು ಕಡಿದ ಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿಯಬಹುದು. ಸಣ್ಣ ಲಿಥಿಯಂ ಬ್ಯಾಟರಿಯನ್ನು ತಣಿಸಲು ನೀರೇ ಒಳ್ಳೆಯ ಉಪಾಯ. ಮರಳು ಬೆಂಕಿ ಹರಡದಂತೆ ತಡೆಯುತ್ತದೆ, ಆದರೆ ತಣಿಸುವುದಿಲ್ಲ. ಆರಿತೆಂದು ಒಳಗೆ ತರಬೇಡಿ, ಮತ್ತೆ ಹೊತ್ತಿಕೊಳ್ಳುವುದುಂಟು. ಕೈಮೀರಿತೆಂದು ಕಂಡರೆ ತಡಮಾಡದೆ 112ಕ್ಕೋ ಅಗ್ನಿಶಾಮಕ ದಳದ 101ಕ್ಕೋ ಕರೆ ಮಾಡಿ.

ಸತ್ತ ಬ್ಯಾಟರಿಗಳನ್ನು ತಿಪ್ಪೆಗೆ ಎಸೆಯುವುದಾಗಲಿ, ಸುಡುವುದಾಗಲಿ ಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರ ಮೇಲಿದೆ. ತುದಿಗಳಿಗೆ ಟೇಪು ಸುತ್ತಿಟ್ಟು, ಪೇಟೆಗೆ ಹೋದಾಗ ತೆಗೆದುಕೊಳ್ಳುವವರಿಗೆ ಕೊಡುವುದು ಲೇಸು.

ಇಷ್ಟೆಲ್ಲ ಎಚ್ಚರಿಕೆಯ ಮಾತು ಕೇಳಿ ಯಾರೂ ಸಾಲ್ಡರಿಂಗ್ ಕಡ್ಡಿಯನ್ನು ಕೆಳಗಿಡಬೇಕಾಗಿಲ್ಲ. ಬಾವಿ ಆಳವಾಗಿದೆಯೆಂದು ನೀರು ಸೇದುವುದನ್ನು ಯಾರೂ ಬಿಡುವುದಿಲ್ಲ. ಕಟ್ಟೆ ಕಟ್ಟಿ ಸೇದುತ್ತಾರೆ. ಬ್ಯಾಟರಿ ಯಾವ ಜಾತಿಯದು, ಅದರ ಎಲ್ಲೆ ಎಷ್ಟು ವೋಲ್ಟು, ಅಲ್ಲಿ ನಿಲ್ಲಿಸುವವರು ಯಾರು: ಈ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಪ್ಲಗ್ಗನ್ನು ಸಿಕ್ಕಿಸಿ. ಮೂರರಲ್ಲಿ ಒಂದು ಗೊತ್ತಿಲ್ಲದಿದ್ದರೂ ಕೈ ತಡೆಯಿರಿ, ಬಲ್ಲವರನ್ನು ಕೇಳಿ. ಹೊಲ ಕಾಯುವವನ ಕೈಯ ಬೆಳಕು ಅವನ ಮನೆಯನ್ನೂ ಕಾಯುವಂತಿರಬೇಕು.